ಗುಳ್ಳಿ ಕೈಗಿ ಬಂದಾವ್ರಿ

ಅಪ್ಪನ ಹೊಕ್ಕುಳದ ಎಡಬಲಕ್ಕೆ ಕೆಂಪು ಬಿಲ್ಲೆಗಳೆದ್ದಾಗ ಅವ್ವ ಮೊದಲು ಬೈದದ್ದು ನನಗೆ. ಸೂಜಿ ಚುಚ್ಚುತ್ತಿದ್ದವನು ನಾನೇ ಆದ್ದರಿಂದ ಬೈಯಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಧಡ್ಡ ಕೈ ನಿಂದು. ಸಣ್ಣಂವ ಇದ್ದಾಗ ನಾಕು ತುಳಸಿ ಹರಕೊಂಡು ಬಾ ಅಂದ್ರ ಗಿಡಾನೇ ಕಿತ್ತಕೊಂಡು ಬರ್ತಿದ್ದಿ. ಈಗ ಅಪ್ಪನ ಹೊಟ್ಟಿ ಸಿಕ್ಕದ ನಿನಗ.”

ಅಪ್ಪ ಧೋತರವನ್ನು ಸೊಂಟದ ಕೆಳಗೆ ಸರಿಸಿಕೊಂಡು ಅಂಗಾತ ಮಲಗಿದ್ದ. ಮೇಲಿನ ಜಂತಿ ನೋಡುತ್ತಲೇ, “ಅವಂದೇನೂ ತಪ್ಪಿಲ್ಲ ಬಿಡು, ಔಷಧದ ಉರಿ ಅದು,” ಅಂದ.

ನಾನು ಆಗ ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ, ಲಾರಿಗಳನ್ನು ತೂಗುವ ವಿಭಾಗದಲ್ಲಿದ್ದೆ. ಅಪ್ಪ ಅವ್ವ ಸೇಡಂನಲ್ಲಿದ್ದರು. ಓಣಿಯ ಹಣಮಪ್ಪನ ಗುಡಿಯ ಪೂಜೆ ನಮ್ಮ ಮನೆತನದ್ದು; ಅಜ್ಜನಿಂದ ಅಪ್ಪನಿಗೆ ಬಂದದ್ದು. ಮೈಯ ರೋಗ ಶುರುವಾದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮೊದಲು ಮೊಣಕೈಗಳಲ್ಲಿ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಗಿನ ಹೊಟ್ಟು. ಆಮೇಲೆ ಸೊಂಟ, ಬೆನ್ನು, ಕಿವಿಯ ಹಿಂದೆ. ನಮ್ಮ ಮನೆಯ ಪರಸಿ ಕಲ್ಲಿನ ನೆಲ ಕರಿಬೂದಿ ಬಣ್ಣದ್ದು. ಅಪ್ಪ ಎದ್ದು ಹೋದ ಜಾಗದಲ್ಲಿ ಹೊಟ್ಟು ಉದುರಿದ್ದು ಚೆನ್ನಾಗಿ ಕಾಣುತ್ತಿತ್ತು. ಅವ್ವ ಕಸಬರಿಗೆ ತರುತ್ತಿದ್ದಳು.

ಅಂಗಿ ತೊಡುವ ಕೆಲಸವಾಗಿದ್ದರೆ ಮುಚ್ಚಿಕೊಂಡು ಇರಬಹುದಿತ್ತು. ಪೂಜೆಗೆ ನಿಂತವನು ಬರಿಮೈಯಲ್ಲಿ ನಿಲ್ಲಬೇಕು. ಗರ್ಭಗುಡಿಯ ದೀಪದ ಬೆಳಕಿಗೆ ಬೆನ್ನು ಕೊಟ್ಟು ನಿಂತರೆ ಮುಂದೆ ನಿಂತ ಮಂದಿಗೆ ಮುಖ ಕಾಣುವುದಿಲ್ಲ, ತೋಳು ಕಾಣುತ್ತವೆ. ಒಂದು ಶನಿವಾರ ಒಬ್ಬ ಮುದುಕಿ ತೀರ್ಥಕ್ಕೆ ಕೈ ಚಾಚಿದವಳು ಅಪ್ಪನ ಮೊಣಕೈ ನೋಡಿದಳು. ತೀರ್ಥವನ್ನು ಕೈಯಲ್ಲಿ ತೆಗೆದುಕೊಂಡಳು, ಕುಡಿಯಲಿಲ್ಲ. ಕಂಬದ ಮರೆಗೆ ಹೋಗಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅದನ್ನು ಅಪ್ಪ ನೋಡಿದ, ನಾನೂ ನೋಡಿದೆ. ಮರುದಿನದಿಂದ ಪೂಜೆಗೆ ನಮ್ಮ ಕಾಕಾ, ಅಪ್ಪನ ತಮ್ಮ, ಹೋಗತೊಡಗಿದ. ಯಾರೂ ಹೋಗಬೇಡ ಎಂದು ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ತಾನೇ ಹೋಗುವುದನ್ನು ನಿಲ್ಲಿಸಿದ.

ನಿಲ್ಲಿಸಿದ ಮೇಲೂ ಬೆಳಗಿನ ಗಂಧವನ್ನು ಅವನೇ ತೇಯುತ್ತಿದ್ದ. ಮನೆಯಲ್ಲಿ ಸಾಣೆಕಲ್ಲಿನ ಮುಂದೆ ಕೂತು, ಕೊರಡನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬೆಣ್ಣೆಯಂತೆ ಬರುವ ತನಕ ತೇಯ್ದು, ಬಟ್ಟಲು ತುಂಬಿ ಕಾಕಾನ ಕೈಗೆ ಕೊಡುತ್ತಿದ್ದ. ಗುಡಿಯಲ್ಲಿ ಆ ಗಂಧವನ್ನು ಎಲ್ಲರೂ ಹಣೆಗೆ ಹಚ್ಚಿಕೊಳ್ಳುತ್ತಿದ್ದರು.

ಆ ವರ್ಷಗಳಲ್ಲಿ ಔಷಧ ಹೇಳದವರು ಯಾರೂ ಇರಲಿಲ್ಲ, ಮತ್ತು ಅದರಷ್ಟು ನನ್ನನ್ನು ರೋಸಿಸಿದ್ದು ಬೇರೆ ಯಾವುದೂ ಇಲ್ಲ. ಚಿಂಚೋಳಿಯಲ್ಲಿದ್ದ ಸೋದರತ್ತೆ ಅಡವಿಯ ಸೊಪ್ಪು ಹಾಕಿ ಕುದಿಸಿದ ಎಣ್ಣೆಯನ್ನು ಬಾಟಲಿ ಬಾಟಲಿ ಕಳಿಸುತ್ತಿದ್ದಳು. ಅದರ ವಾಸನೆಗೆ ಹಾಸಿಗೆಯಷ್ಟೇ ಅಲ್ಲ, ಗೋಡೆ ಕೂಡ ನಾರತೊಡಗಿತು. ಶಹಾಬಾದಿನ ಹಕೀಮರು ಕೊಟ್ಟ ಪುಡಿಯಿಂದ ಹೊಟ್ಟೆ ಕೆಟ್ಟಿತು, ಚರ್ಮ ಹಾಗೆಯೇ ಉಳಿಯಿತು. ಚಿತ್ತಾಪುರದಲ್ಲಿ ಮಾಸ್ತರಾಗಿದ್ದ ಸಂಬಂಧಿಯೊಬ್ಬರು, “ಇದು ಸಿಮೆಂಟಿನ ಧೂಳಿ. ಮಗ ವಾಡಿಯಿಂದ ಬಟ್ಟಿಗಿ ಹಚಗೊಂಡು ತರ್ತಾನ,” ಎಂದರು. ರೋಗ ಬಂದದ್ದು ನಾನು ನೌಕರಿಗೆ ಸೇರುವುದಕ್ಕಿಂತ ಮೊದಲು ಎಂದರೆ, “ಹಂಗಾದ್ರ ಗಾಳಿಗಿ ಬಂದದ,” ಎಂದರು. ಅವ್ವ ನಂಜು ಎಂದು ಬದನೆಕಾಯಿ ಬಿಡಿಸಿದಳು, ಶೇಂಗಾ ಬಿಡಿಸಿದಳು, ಕಡೆಗೆ ಉಪ್ಪಿನಕಾಯಿಯನ್ನೂ ಬಿಡಿಸಿದಳು. ಅಪ್ಪ ಎಲ್ಲವನ್ನೂ ಬಿಟ್ಟ. ರೋಗ ಅವನನ್ನು ಬಿಡಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದಾಗ ಗುಲಬರ್ಗಾದ ಚರ್ಮದ ಡಾಕ್ಟರೊಬ್ಬರು ಈ ಇಂಜೆಕ್ಷನ್ ಹೇಳಿದರು. ಹೊಸ ನಮೂನೆಯದು, ವಾರಕ್ಕೊಂದು, ಚರ್ಮದ ಕೆಳಗೆ ಕೊಡುವಂಥದ್ದು, ಸದಾ ತಣ್ಣಗಿಡಬೇಕಾದದ್ದು. ನಮ್ಮ ಕಾರ್ಖಾನೆಯ ಆಸ್ಪತ್ರೆ ನೌಕರರ ತಂದೆತಾಯಿಗೂ ಔಷಧ ಕೊಡುತ್ತಿತ್ತು, ಹಾಗಾಗಿ ಸಿಕ್ಕಿತು. ಚುಚ್ಚುವುದನ್ನು ಅಲ್ಲಿನ ಸಿಸ್ಟರ್ ನನಗೆ ಕಲಿಸಿದರು. ಪ್ರತಿ ಭಾನುವಾರ ಚಹಾದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಬರ್ಫ ತುಂಬಿ, ಸಿರಿಂಜನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಬೆಳಗಿನ ಪ್ಯಾಸೆಂಜರ್ ಹಿಡಿದು ಚಿತ್ತಾಪುರ ದಾಟಿ ಸೇಡಂಗೆ ಬರುತ್ತಿದ್ದೆ. ಅಪ್ಪ ಸ್ನಾನ ಮಾಡಿ ಮಡಿಯುಟ್ಟ ಮೇಲೆ ನಾನು ಮುಟ್ಟುವ ಹಾಗಿರಲಿಲ್ಲ. ಆದ್ದರಿಂದ ಮನೆಯೊಳಗೆ ಕಾಲಿಟ್ಟ ಕೂಡಲೇ ಫ್ಲಾಸ್ಕ್ ತೆರೆದು, ಬರ್ಫದಿಂದ ತೆಗೆದ ಸೂಜಿಯನ್ನು ಹಾಗೆಯೇ ಅವನ ಹೊಟ್ಟೆಗೋ ತೊಡೆಗೋ ಚುಚ್ಚುತ್ತಿದ್ದೆ.

ಬಿಲ್ಲೆಗಳು ಎದ್ದದ್ದು ಹೀಗೆ. ಚುಚ್ಚಿದ ಮರುದಿನ ಆ ಜಾಗ ಕೆಂಪಾಗಿ, ಉಬ್ಬಿ, ಮುಟ್ಟಿದರೆ ಬಿಸಿಯಾಗಿ, ವಿಪರೀತ ತುರಿಸುತ್ತಿತ್ತು. ಕೆಲವು ದಿನಕ್ಕೆ ಆರಿ ಹೋಗುತ್ತಿತ್ತು. ನಾನು ಹೆದರಿದ್ದು ಅದಕ್ಕಲ್ಲ. ಹೊಸ ಜಾಗಕ್ಕೆ ಚುಚ್ಚಿದಾಗ, ಹೋದ ವಾರದ ಜಾಗ, ಪೂರ್ತಿ ಆರಿದ್ದ ಜಾಗ, ಯಾರೂ ಮುಟ್ಟದೆ ಇದ್ದದ್ದು, ತಾನಾಗಿ ಮತ್ತೆ ಕೆಂಪಾಗುತ್ತಿತ್ತು. ಎರಡು ಬಿಲ್ಲೆಗಳು ಒಟ್ಟಿಗೆ ಕಣ್ಣು ಬಿಟ್ಟ ಹಾಗೆ.

ಡಾಕ್ಟರಿಗೆ ತೋರಿಸಿದೆವು. ಅವರು ಮೈಸೂರು ಕಡೆಯವರು, ಗುಲಬರ್ಗಾಕ್ಕೆ ಬಂದು ಬಹಳ ವರ್ಷವಾಗಿತ್ತು. ಮಾತ್ರೆ ಅನ್ನುವುದನ್ನು ಬಿಟ್ಟು ನಮ್ಮ ಹಾಗೆ ಗುಳಗಿ ಅನ್ನುವುದನ್ನು ಕಲಿತಿದ್ದರು. ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

“ಇದು ಈ ಇಂಜೆಕ್ಷನ್ನಿಗೆ ಆಗುವಂಥದ್ದೇ ಆಚಾರ್ರೇ, ಹೆದರಬೇಡಿ,” ಎಂದರು. “ಒಂದು ತಿಂಗಳು ಹೀಗಿರತ್ತೆ, ಆಮೇಲೆ ತಾನೇ ನಿಲ್ಲತ್ತೆ. ಜಾಗ ಬದಲಾಯಿಸ್ತಾ ಇರಿ.” ನನ್ನ ಕಡೆ ತಿರುಗಿ, “ಐಸಿನಿಂದ ತೆಗೆದ ತಕ್ಷಣ ಚುಚ್ಚಬೇಡಿ. ಅರ್ಧ ಗಂಟೆ ಹೊರಗಿಡಿ,” ಎಂದರು.

“ನೋಡು,” ಅಂದಳು ಅವ್ವ, “ಬರ್ಫ ಚುಚ್ಚೀದಿ ಅಪ್ಪಗ.”

ಡಾಕ್ಟರ್ ಹೇಳಿದಂತೆಯೇ ಆಯಿತು. ತಿಂಗಳು ಕಳೆಯುತ್ತಲೇ ಬಿಲ್ಲೆಗಳು ಏಳುವುದು ನಿಂತಿತು. ಅದರಿಂದ ನಮ್ಮ ಮನೆಯವರೆಲ್ಲ ಒಂದು ತೀರ್ಮಾನಕ್ಕೆ ಬಂದೆವು: ಈ ಔಷಧದಿಂದ ಚರ್ಮದ ಮೇಲೆ ಏನೇ ಎದ್ದರೂ ಅದು ಔಷಧದ ನಡೆ, ಹೆದರಬಾರದು.

ಅಷ್ಟರಲ್ಲಿ ಅಪ್ಪನ ಬೆನ್ನು ತಿಳಿಯಾಗುತ್ತ ಬಂತು. ಹೊಟ್ಟು ಮೊದಲು ನಿಂತಿತು, ಆಮೇಲೆ ಕೆಂಪು ತೆಳುವಾಯಿತು, ಆಮೇಲೆ ಎಲ್ಲಿತ್ತೆಂದು ಹುಡುಕಿದರೆ ಕಾಣುವಂತಾಯಿತು. ಅಪ್ಪ ಕೈಯನ್ನು ಬೆನ್ನ ಹಿಂದೆ ಒಯ್ದು ಬೆರಳಿನಿಂದ ಸವರಿ ನೋಡುವುದನ್ನು ನಾನು ನೋಡಿದ್ದೇನೆ. ಯಾರೋ ಬೇರೆಯವರ ಬೆನ್ನನ್ನು ಮುಟ್ಟಿದವನಂತೆ ತಟ್ಟನೆ ಕೈ ತೆಗೆಯುತ್ತಿದ್ದ. ಒಂದು ಶನಿವಾರ ಕಾಕಾನೇ ಬಂದು ಹೊಸಿಲ ಹೊರಗೆ ನಿಂತು ಕರೆದ.

“ಬಾ ಅಣ್ಣಾ. ನಿನ್ನ ಹಣಮಪ್ಪ ನಿನಗ. ಬಗ್ಗಿ ಬಗ್ಗಿ ನನ್ನ ನಡಾ ಬಿದ್ದು ಹೋಗ್ಯದ.”

“ಇಷ್ಟ ದಿನಾ ದಕ್ಷಿಣಾ ಎತ್ತಲಿಕ್ಕ ಬಗ್ಗಬೇಕಾದ್ರ ನಡಾ ನೋಯ್ತಿದ್ದಿಲ್ಲೇನು?” ಅಂತ ಅಪ್ಪ ಕೇಳಿದ. ಇಬ್ಬರೂ ನಗುತ್ತ ಗುಡಿಗೆ ಹೋದರು. ಅಂದು ಅಪ್ಪ ತೀರ್ಥ ಕೊಟ್ಟ. ಮಂದಿ ತೆಗೆದುಕೊಂಡರು, ಕುಡಿದರು, ಕೈಯನ್ನು ತಲೆಗೆ ಒರೆಸಿಕೊಂಡರು. ನಾನು ಕಂಬದ ಪಕ್ಕ ನಿಂತು ಒಬ್ಬೊಬ್ಬರ ಕೈಯನ್ನೂ ನೋಡಿದೆ. ನಮ್ಮ ಮನೆಗೆ ಆ ಔಷಧದಿಂದ ಬೇಕಾಗಿದ್ದದ್ದು ಇಷ್ಟೇ.

ಆಮೇಲಿನ ಭೇಟಿಯಲ್ಲಿ ಡಾಕ್ಟರ್ ಇಂಜೆಕ್ಷನ್ ಜೊತೆಗೆ ಒಂದು ಗುಳಗಿಯನ್ನೂ ಬರೆದುಕೊಟ್ಟರು. ಸೇಡಂನ ಅಂಗಡಿಯಲ್ಲಿ ಅದು ಇರಲಿಲ್ಲ. ಹೈದರಾಬಾದಿನಿಂದ ತರಿಸಿಕೊಡುತ್ತೇನೆ ಎಂದು ಅಂಗಡಿಯವನು ಹೇಳಿದ, ವಾರ ವಾರವೂ ಹೇಳುತ್ತ ಹೋದ. ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಭಟ್ಟಿ ರಿಪೇರಿಗೆ ಶಟ್‌ಡೌನ್ ತೆಗೆದರು. ಅದು ಮುಗಿಯುವ ತನಕ ಯಾರಿಗೂ ರಜೆ ಇಲ್ಲ. ಸೇಡಂನಿಂದ ದಿನಾ ಓಡಾಡುತ್ತಿದ್ದ ಫಿಟ್ಟರೊಬ್ಬರ ಕೈಯಲ್ಲಿ ಫ್ಲಾಸ್ಕ್ ಕಳಿಸುತ್ತಿದ್ದೆ. ಅಲ್ಲಿ ಕಾಂಪೌಂಡರ್ ಒಬ್ಬರು ಬಂದು ಚುಚ್ಚಿ ಹೋಗುತ್ತಿದ್ದರು.

ಒಂದು ಸಂಜೆ ಅವ್ವ ಫೋನ್ ಮಾಡಿದಳು. ಅವಳ ಫೋನಿನ ಮಾತು ಯಾವಾಗಲೂ ಕೂಗು, ವಾಡಿಗೆ ಕೇಳಬೇಕಲ್ಲ.

“ಅಪ್ಪಗ ಕೈಗಿ ಗುಳ್ಳಿ ಬಂದಾವ. ಕಾಲಿಗೂ ಒಂದೀಟು ಅವ.”

ಗುಳ್ಳೆ ಎಂದ ಕೂಡಲೇ ನನಗೆ ದಿಗಿಲಾಯಿತು. “ಡಾಕ್ಟರಿಗೆ ಕೇಳಬೇಕಿತ್ತಲ್ಲ?”

“ಕೇಳೀನಿ. ನಾನೇ ಫೋನ್ ಹಚ್ಚಿ ಮಾತಾಡೀನಿ. ಭಾಳ ಖುಷಿ ಆದ್ರು ಅವರು.”

“ಖುಷಿ ಆದ್ರೇನು?”

“ಹೌದಪಾ. ‘ಬಂದ್ವಾ? ಒಳ್ಳೇದಾಯ್ತು’ ಅಂದ್ರು. ಒಡೀಬಾರದಂತ. ಇನ್ನ ಮ್ಯಾಲ ವಾರಕ್ಕೊಮ್ಮೆ ಬರ್ತಾವಂತ, ದಿನಾ ಇಲ್ಲಂತ. ನೀರು ಭಾಳ ಕುಡೀಲಿ ಅಂದಾರ.”

ನಾನು ಮತ್ತೆ ಕೇಳಿದೆ, ಡಾಕ್ಟರೇ ಮಾತಾಡಿದರೋ, ಅವರ ಕಡೆಯವರೋ ಎಂದು. ಡಾಕ್ಟರೇ. ಬಿಲ್ಲೆಗಳ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಂಬದಿರುವುದಕ್ಕೆ ಕಾರಣವಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಗುಳ್ಳೆಗಳು ನಿಜವಾಗಿಯೂ ಹಾಗೆಯೇ ಬರುತ್ತಿದ್ದವು: ಒಂದು ಸಲ ಗುಂಪಾಗಿ ಏಳುವುದು, ಒಣಗುವುದು, ಕೆಲ ದಿನ ಬಿಟ್ಟು ಮತ್ತೆ ಹೊಸ ಗುಂಪು. ಅವ್ವ ಅದನ್ನು ಡಾಕ್ಟರ ಲೆಕ್ಕ ಎಂದೇ ತಿಳಿದಳು. “ಎಷ್ಟ್ ಕರೆಕ್ಟ್ ಹೇಳ್ಯಾರ ನೋಡು ಪುಣ್ಯಾತ್ಮ,” ಎಂದು ನೆರೆಯವರಿಗೂ ಹೇಳಿದಳು.

ಶಟ್‌ಡೌನ್ ಮುಗಿದ ಭಾನುವಾರ ನಾನು ಸೇಡಂಗೆ ಹೋದೆ. ಅಪ್ಪ ಸಾಣೆಕಲ್ಲಿನ ಮುಂದೆ ಕೂತಿದ್ದ. ಗಂಧದ ಕೊರಡಿಗೆ ಹಳೆಯ ಧೋತರದ ಚೂರು ಸುತ್ತಿದ್ದ, ಅದನ್ನು ಬೆರಳ ತುದಿಗಳಲ್ಲಿ ಹಿಡಿದು ತೇಯಲು ನೋಡುತ್ತಿದ್ದ. ಒತ್ತು ಬೀಳುತ್ತಿರಲಿಲ್ಲ. ಕಲ್ಲಿನ ಮೇಲೆ ಗಂಧದ ಬದಲು ಹಳದಿ ನೀರು ಹರಿಯುತ್ತಿತ್ತು.

“ಕೈ ತೋರಸು,” ಅಂದೆ.

“ಮಡಿಯಾಗಿದೀನಿ, ಮುಟ್ಟಬ್ಯಾಡ.”

“ಮುಟ್ಟಂಗಿಲ್ಲ. ತೋರಸು.”

ಅವನು ಎರಡೂ ಕೈಗಳನ್ನು ಬಿಚ್ಚಿದ. ಹೆಬ್ಬೆರಳಿನ ಬುಡದಲ್ಲಿ, ಅಂಗೈಯ ನಡುವೆ, ಸಾಸಿವೆಗಿಂತ ದೊಡ್ಡ ಗುಳ್ಳೆಗಳು. ಹೊಸವು ಹಳದಿ ಕೀವಿನವು, ಹಳೆಯವು ಒಣಗಿ ಕಂದು ಚುಕ್ಕೆಗಳಾದವು. ಅವುಗಳ ಸುತ್ತ ಚರ್ಮ ಕೆಂಪಾಗಿ ಸುಲಿದು, ಕೈರೇಖೆಗಳ ಉದ್ದಕ್ಕೂ ಸೀಳಿತ್ತು. ಸೀಳಿನಲ್ಲಿ ರಕ್ತ ಕಪ್ಪಗೆ ಕಟ್ಟಿತ್ತು. ಕೈಗಳು ಹೀಗಿದ್ದವು. ಆದರೆ ತೋಳು ನೋಡಿದರೆ, ಎದೆ ನೋಡಿದರೆ, ಬೆನ್ನು ನೋಡಿದರೆ, ಒಂದು ಮಚ್ಚೆ ಇಲ್ಲ.

ನನ್ನ ದನಿ ಜೋರಾಯಿತು. “ಇದಕ್ಕ ಛಲೋ ಆತು ಅಂದ್ರೇನು ಡಾಕ್ಟರ್?”

“ಒಳಗಿಂದು ಹೊರಗ ಬೀಳ್ಲಿಕ್ಕತ್ತದ,” ಅಂದ ಅಪ್ಪ. “ಮೈಯಾಗಿಂದೆಲ್ಲ ಇಳದು ಕೈಗಿ ಬಂದದ. ಇಲ್ಲಿಂದ ಹೊರಗ ಹೋದ್ರ ಮುಗೀತು.”

“ಗುಡಿಗೆ ಹ್ಯಾಂಗ ಹೋಗ್ತಿ ಈ ಕೈ ಇಟಗೊಂಡು?”

“ಹೋಗ್ಲಿಕ್ಕತ್ತೀನಲ್ಲ. ಕೇಳಿದ್ರ ಆರತಿ ಎಣ್ಣಿ ಸಿಡೀತು ಅಂತ ಹೇಳ್ತೀನಿ.”

“ವಾರ ವಾರ ಸಿಡೀತದೇನು ಎಣ್ಣಿ?” ಅಂತ ಒಳಗಿನಿಂದ ಅವ್ವ ಕೇಳಿದಳು.

ಕಾಕಾ ಹೇಳಿದ, ಮಂದಿ ಈಗ ಏನೂ ಅನ್ನುವುದಿಲ್ಲ, ಆದರೆ ತೀರ್ಥದ ಉದ್ಧರಣೆಯನ್ನೇ ನೋಡುತ್ತ ನಿಲ್ಲುತ್ತಾರೆ ಎಂದು. ಎರಡು ಶನಿವಾರದಿಂದ ಅವನು ಅಪ್ಪನ ಪಕ್ಕದಲ್ಲೇ ನಿಂತು, “ಕೊಡು, ನಾ ಕೊಡ್ತೀನಿ,” ಎಂದು ತಾನೇ ಉದ್ಧರಣೆ ತೆಗೆದುಕೊಳ್ಳುತ್ತಿದ್ದ. ಅಪ್ಪ ಕೊಡುತ್ತಿದ್ದ. ಕೊಟ್ಟು, ಗರ್ಭಗುಡಿಯೊಳಗೆ ಏನೋ ಕೆಲಸವಿದ್ದವನಂತೆ ಹಿಂದೆ ಸರಿಯುತ್ತಿದ್ದ.

ನಾನು ತಂದ ಸಿರಿಂಜು ಫ್ಲಾಸ್ಕಿನಲ್ಲೇ ಉಳಿಯಿತು. ಮಡಿ ಬಿಚ್ಚಿದ ಮೇಲೆ ಅಪ್ಪ ಚುಚ್ಚು ಎಂದ. ನಾನು ಚುಚ್ಚುವುದಿಲ್ಲ ಎಂದೆ. ಮರುದಿನ ರಜೆ ಹಾಕಿ ಅಪ್ಪ ಅವ್ವ ಇಬ್ಬರನ್ನೂ ಗುಲಬರ್ಗಾಕ್ಕೆ ಕರೆದುಕೊಂಡು ಹೋದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ, ಶಹಾಬಾದ್ ದಾಟುವಾಗ, ದಾರಿಯುದ್ದಕ್ಕೂ ಅಪ್ಪ ಕೈಗಳನ್ನು ಶಲ್ಯದೊಳಗೆ ಇಟ್ಟುಕೊಂಡಿದ್ದ. ಎದುರಿನ ಸೀಟಿನವರು ಏನಾದರೂ ತಿನ್ನಲು ಕೊಟ್ಟರೆ, “ಇವತ್ತು ಉಪವಾಸ ಅದ,” ಎನ್ನುತ್ತಿದ್ದ.

ಡಾಕ್ಟರ್ ಕೈ ನೋಡಿದವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಎಷ್ಟು ದಿನದಿಂದ ಇದೆ ಇದು? ನನಗೆ ಯಾಕೆ ಹೇಳಲಿಲ್ಲ?”

“ಹೇಳೀನಲ್ರಿ,” ಅಂದಳು ಅವ್ವ. “ನೀವ ಛಲೋ ಆತು ಅಂದೀರಿ.”

“ನಾನಾ? ಇದನ್ನು ಒಳ್ಳೇದು ಅಂದೆನಾ?”

“ಹೌದ್ರಿ. ಫೋನಿನ್ಯಾಗ.”

“ಅಮ್ಮಾ, ನೀವು ಬೇರೆ ಯಾರಿಗೋ ಮಾಡಿರಬೇಕು.”

ಅವ್ವನಿಗೆ ಸಿಟ್ಟು ಬಂತು. “ಬ್ಯಾರೇದವರಿಗಿ ಯಾಕ ಮಾಡ್ಲಿ? ‘ಸೇಡಂ ಆಚಾರ್ರ ಮನ್ಯಾಗಿಂದ ಮಾತಾಡ್ಲಿಕ್ಕತ್ತೀನಿ’ ಅಂದೆ. ‘ಹೇಳಿ ಅಮ್ಮಾ’ ಅಂದ್ರಿ. ‘ಗುಳ್ಳಿ ಕೈಗಿ ಬಂದಾವ್ರಿ’ ಅಂದೆ. ‘ಬಂದ್ವಾ, ಒಳ್ಳೇದಾಯ್ತು’ ಅಂದ್ರಿ. ‘ಹ್ಯಾಗಿವೆ?’ ಅಂತ ಕೇಳಿದ್ರಿ. ‘ಸಣ್ಣ ಸಣ್ಣವು, ಹಳದಿ ಅವ್ರಿ’ ಅಂದೆ. ‘ಹ್ಞಾ, ಅವೇ, ಅವೇ’ ಅಂದ್ರಿ. ‘ಒಡದು ಬಿಡ್ಲೇನ್ರಿ?’ ಅಂತ ಕೇಳಿದೆ. ‘ಒಡೀಬೇಡಿ, ಇಡೀದೇ ಇರ್ಲಿ’ ಅಂದ್ರಿ. ‘ವಾರಕ್ಕೊಂದೇ ಸಲ, ದಿನಾ ಅಲ್ಲ’ ಅಂತ ಎರಡ ಸಲ ಹೇಳಿದ್ರಿ. ನಾನೇನು ಕನಸು ಕಂಡೀನೇನ್ರಿ?”

ಡಾಕ್ಟರ್ ನಿಧಾನವಾಗಿ, “ಗುಳ್ಳಿ,” ಎಂದರು. “ಗುಳಗಿ.” ಎರಡನ್ನೂ ಮತ್ತೊಮ್ಮೆ ಹೇಳಿಕೊಂಡರು. “ನಾನು ಗುಳಗಿ ಕೈಗೆ ಬಂತು ಅಂತ ತಿಳ್ಕೊಂಡೆನಮ್ಮ. ನಾನು ಬರೆದ ಗುಳಗಿ. ಅದೂ ಸಣ್ಣದು, ಹಳದಿ. ವಾರಕ್ಕೊಂದೇ ಸಲ ತಗೋಬೇಕು.”

“ಗುಳಗಿ ಬಂದ್ರ ನಾ ಯಾಕ ನಿಮಗ ಫೋನ್ ಮಾಡ್ಲಿರಿ?”

“ನಾನೇ ಹೇಳಿದ್ದೆನಲ್ಲಮ್ಮ, ಬಂದ ಕೂಡಲೇ ಫೋನ್ ಮಾಡಿ ಅಂತ!”

“ಗುಳಗಿ ಇನ್ನಾ ಬಂದೇ ಇಲ್ರಿ!”

ಕುರ್ಚಿಯ ಮೇಲೆ ಕೂತಿದ್ದ ಅಪ್ಪ, ಎರಡೂ ಅಂಗೈ ಮೇಲೆ ಮಾಡಿಕೊಂಡು, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. “ಹಂಗಾದ್ರ ಇವು ಬರಬಾರದಿತ್ತೇನ್ರಿ?” ಎಂದು ಕೇಳಿದ.

ನನಗೆ ಅಲ್ಲಿಯೇ ಮೇಜಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವ್ವ ಹೇಳಿದ ಒಂದೊಂದು ಮಾತೂ ನಿಜ. ಡಾಕ್ಟರ್ ಹೇಳಿದ ಒಂದೊಂದು ಮಾತೂ ಗುಳಗಿಯ ಮಟ್ಟಿಗೆ ಸರಿ. ಅವರು ತಮ್ಮ ಊರಿನವರಂತೆ ಮಾತ್ರೆ ಎನ್ನುತ್ತ ಇದ್ದಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ನಮ್ಮ ಮೇಲಿನ ಪ್ರೀತಿಯಿಂದ ನಮ್ಮ ಮಾತು ಕಲಿತರು, ಅದರಿಂದ ಅಪ್ಪನ ಕೈ ವಾರಗಟ್ಟಲೆ ಹೀಗೆ ಸೀಳಿತು.

ಅವರು ಒಂದು ಗುಳ್ಳೆಯಿಂದ ಸ್ವಲ್ಪ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಸಂಜೆಯ ತನಕ ಕೂತೆವು. ಗಾಜಿನ ಪಟ್ಟಿಯ ಮೇಲೆ ಏನೂ ಕಾಣಲಿಲ್ಲ. ಉಳಿದ ವರದಿ ಬರಲು ಒಂದೆರಡು ದಿನ ಬೇಕು, ಅದರಲ್ಲೂ ಸೋಂಕು ಸಿಗಲಿಕ್ಕಿಲ್ಲ ಎಂದರು. ಆಮೇಲೆ ಸಿಗಲೂ ಇಲ್ಲ. ಈ ಇಂಜೆಕ್ಷನ್ ಯಾವ ರೋಗಕ್ಕೆ ಕೊಡುತ್ತೇವೋ ಅದೇ ರೋಗವನ್ನು, ಬೇರೆ ರೂಪದಲ್ಲಿ, ಕೆಲವರ ಅಂಗೈ ಅಂಗಾಲಿಗೆ ತಂದುಬಿಡುತ್ತದೆ ಎಂದರು. ಎಲ್ಲರಿಗೂ ಆಗುವುದಿಲ್ಲ. ಯಾಕೆ ಆಗುತ್ತದೆ ಎಂದು ನಾನು ಕೇಳಿದೆ. ಸರಿಯಾಗಿ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದದ್ದು ಒಳ್ಳೆಯದೇ, ಆದರೆ ಆ ಹೊತ್ತಿಗೆ ನನಗೆ ಅದೂ ತಡೆಯಲಾಗಲಿಲ್ಲ.

“ಇಂಜೆಕ್ಷನ್ ನಿಲ್ಲಿಸೋಣ ಆಚಾರ್ರೇ. ಹಚ್ಚಲು ಮುಲಾಮು ಕೊಡ್ತೀನಿ. ಆ ಗುಳಗಿ ಇಲ್ಲೇ ಗುಲಬರ್ಗಾದಲ್ಲೇ ಕೊಂಡುಕೊಂಡು ಹೋಗಿ.”

“ನಿಲ್ಲಿಸಿದ್ರ ಬೆನ್ನಿನ ಮ್ಯಾಲಿಂದು ತಿರಗಿ ಬರ್ತದೇನ್ರಿ?”

ಡಾಕ್ಟರ್ ಸುಳ್ಳು ಹೇಳಲಿಲ್ಲ. “ಬರಬಹುದು. ಗುಳಗಿಯಿಂದ ಸ್ವಲ್ಪ ತಡೆಯಬಹುದು. ಪೂರ್ತಿ ತಡೀತೀನಿ ಅಂತ ಹೇಳಲಾರೆ.”

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಸೇಡಂ ಗಾಡಿಗೆ ಕಾಯುತ್ತ ಕೂತಾಗ ಅಪ್ಪ ಶುರುಮಾಡಿದ. ಫ್ಲಾಸ್ಕಿನಲ್ಲಿ ಉಳಿದದ್ದನ್ನು ಚುಚ್ಚಿಬಿಡು, ಅದೊಂದು ಮುಗಿಯಲಿ ಎಂದ. ನಾನು ಆಗುವುದಿಲ್ಲ ಎಂದೆ. ಕಾಂಪೌಂಡರಿಂದ ಚುಚ್ಚಿಸಿಕೊಳ್ಳುತ್ತೇನೆ ಎಂದ. ಫ್ಲಾಸ್ಕ್ ಕೊಟ್ಟರೆ ತಾನೇ ಎಂದೆ. ಅಕ್ಕಪಕ್ಕದವರು ನೋಡತೊಡಗಿದರು.

“ನಿನಗ ತಿಳಿಯಂಗಿಲ್ಲ,” ಅಂದ. “ಬೆನ್ನು ಛಲೋ ಆತು, ಕೈ ಹೋತು. ಕೈ ಬೇಕಂದ್ರ ಬೆನ್ನು ಹೋಗ್ತದ. ಇದೆಂಥಾ ಔಷಧನೋ? ಒಂದು ಕೊಟ್ಟು ಒಂದು ಕಸಗೊಳ್ಳಲಿಕ್ಕ ಇದೇನು ಭಾಂಡೆ-ಪಾತ್ರಿ ವ್ಯಾಪಾರದಾಕಿಯೇನು, ಹಳೇ ಸೀರಿ ಕೊಟ್ರ ಬೋಗಾಣಿ ಕೊಡಲಿಕ್ಕ?”

ಅವ್ವ ಚೀಲದಿಂದ ರೊಟ್ಟಿ ತೆಗೆದು, ಚಿಕ್ಕ ಚೂರು ಮಾಡಿ, ಅವನ ಬಾಯಿಗೆ ಹಿಡಿದಳು. ಕೈಯಿಂದ ಮುರಿಯಲು ಅವನಿಗೆ ಆಗುತ್ತಿರಲಿಲ್ಲ. ಮಂದಿಯ ಮುಂದೆ ಅವನಿಗೆ ನಾಚಿಕೆಯಾಯಿತು, ಮುಖ ತಿರುಗಿಸಿದ.

“ತಿನ್ರಿ,” ಅಂದಳು. “ಕೈ ಇದ್ರ ನಿಮ್ಮ ರೊಟ್ಟಿ ನೀವ ತಿಂತೀರಿ. ಬೆನ್ನಿಲೆ ಏನ್ ತಿಂತೀರಿ?”

ಅಪ್ಪ ತಿಂದ. ಗಾಡಿ ಹತ್ತುವ ಮುಂಚೆ ಅವನು ನನ್ನತ್ತ ನೋಡದೆ, “ಅದನ್ನ ಆಸ್ಪತ್ರಿಗಿ ತಿರಗಿ ಕೊಟ್ಟಬಿಡು,” ಅಂದ.

ಕೈ ಮಾಯಲು ತಿಂಗಳುಗಳು ಹಿಡಿದವು. ಹೊಸ ಗುಳ್ಳೆಗಳು ಮೊದಲು ವಿರಳವಾದವು. ಸೀಳುಗಳು ಒಂದೊಂದಾಗಿ ಕೂಡಿಕೊಂಡವು. ಹೆಬ್ಬೆರಳಿನ ಬುಡದ ಚರ್ಮ ಬಹಳ ದಿನ ಎಳೆಮಗುವಿನದರಂತೆ ತೆಳುವಾಗಿ, ಹೊಳೆಯುತ್ತ ಇತ್ತು. ಅವ್ವ ಈಗ ಫೋನಿನಲ್ಲಿ ಡಾಕ್ಟರೊಂದಿಗೆ ಮಾತಾಡುವಾಗ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದಳು: “ನುಂಗೋ ಗುಳಗಿ ಅಲ್ರಿ, ಚರ್ಮದ ಮ್ಯಾಲಿನ ಗುಳ್ಳಿ. ನಾ ಹೇಳಿದ್ದು ತಿಳೀತೇನ್ರಿ? ನೀವೊಮ್ಮೆ ಹೇಳ್ರಿ ನೋಡೂಣು.” ಅವರೂ ಪಾಪ ಹೇಳುತ್ತಿದ್ದರಂತೆ.

ಬೆನ್ನಿನ ಮೇಲೆ ಮಚ್ಚೆಗಳು ತಿರುಗಿ ಬಂದವು. ಮೊದಲಿನಷ್ಟಲ್ಲ. ಸೊಂಟದ ಮೇಲೆ ಅಂಗೈ ಅಗಲದ ಎರಡು, ಮೊಣಕೈಗಳಲ್ಲಿ ಒಂದೊಂದು. ಹೊಟ್ಟೂ ಬಂತು. ಕಾಕಾ ಪೂಜೆ ಮುಂದುವರಿಸಿದ್ದ. ಈ ಸಲ ಅವನು ಕರೆಯಲು ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಒಂದು ಶನಿವಾರ ನಾನು ಮನೆಯಲ್ಲಿದ್ದಾಗ ಅಪ್ಪ ಸ್ನಾನ ಮಾಡಿ, ಮಡಿಯುಟ್ಟು, ಯಾರಿಗೂ ಏನೂ ಹೇಳದೆ ಗುಡಿಯ ಕಡೆ ನಡೆದ. ನಾನು ಅವನ ಹಿಂದೆ ಹೋದೆ. ಬಿಸಿಲಿನಲ್ಲಿ ಅವನ ಬೆನ್ನಿನ ಮಚ್ಚೆಗಳು ಓಣಿಯುದ್ದಕ್ಕೂ ಕಾಣುತ್ತಿದ್ದವು.

ಕಾಕಾ ನೋಡಿದ. ತನ್ನ ಹೆಗಲ ಶಲ್ಯ ತೆಗೆದು ಮುಂದೆ ಹಿಡಿದ.

“ಇದನ್ನ ಹೊದಕೋ ಅಣ್ಣಾ.”

“ಎದಕ್ಕ? ಥಂಡಿ ಎಲ್ಲದ?”

“ಮಂದಿ ನೋಡ್ತಾರ.”

“ನೋಡ್ಲಿ. ಹದಿನಾರು ವರ್ಷ ಅಡಗಿ ಕುಂತೆ, ಅದೇನು ಹೋತೇನು?” ಅಪ್ಪ ಕೈ ಚಾಚಿದ. “ಉದ್ಧರಣಿ ಕೊಡಿಲ್ಲಿ.”

ಕಾಕಾ ಅವನ ಅಂಗೈಯನ್ನು ಬಹಳ ಹೊತ್ತು ನೋಡಿ, ಕೊಟ್ಟ. ಮಂಗಳಾರತಿಯಾಯಿತು. ತೀರ್ಥಕ್ಕೆ ಜನ ಮುಂದೆ ಬಂದರು. ನಾನು ಮತ್ತೆ ಕೈಗಳನ್ನು ನೋಡುತ್ತ ನಿಂತೆ. ಮಗುವನ್ನು ಎತ್ತಿಕೊಂಡಿದ್ದ ಒಂದು ಹೆಂಗಸು, ಅವಳ ಗಂಡ, ಸಾಲಿನಿಂದ ಸರಿದು ಪ್ರದಕ್ಷಿಣೆಗೆ ಹೋದವರು ಆ ಕಡೆಯಿಂದಲೇ ಹೊರಟುಹೋದರು. ಅಪ್ಪ ಅದನ್ನು ನೋಡಿದ. ಉದ್ಧರಣೆ ಅವನ ಕೈಯಲ್ಲಿ ತುಂಬಿದ್ದದ್ದು ಹಾಗೆಯೇ ಇತ್ತು, ಅದರ ಕೆಳಗೆ ಯಾರ ಕೈಯೂ ಇರಲಿಲ್ಲ.

ಆಗ ಹಿಂದಿನಿಂದ ಒಬ್ಬ ಲಾರಿ ಡ್ರೈವರ್ ಮಂದಿಯನ್ನು ಸರಿಸಿಕೊಂಡು ಬಂದ. ತಲೆಗೆ ಟವೆಲು, ಮೈಯೆಲ್ಲ ಸಿಮೆಂಟಿನ ಬೂದಿ. ಅಪ್ಪನ ಮುಖವನ್ನಾಗಲಿ ಮೊಣಕೈಯನ್ನಾಗಲಿ ಅವನು ನೋಡಲಿಲ್ಲ, ಕೈ ಮುಂದೆ ಹಿಡಿದ.

“ಲಗೂನ ಹಾಕ್ರಿ ಆಚಾರ್ರ, ಗಾಡಿ ನಡು ರೋಡಿನ್ಯಾಗ ನಿಂತದ. ಹಿಂದ ಬಸ್ಸಿನಂವ ಹಾರ್ನ್ ಹೊಡೀಲಿಕ್ಕತ್ಯಾನ.”

ಅಪ್ಪ ಹಾಕಿದ. ಅವನು ಸುರ್ರೆಂದು ಹೀರಿ, ಕೈಯನ್ನು ಟವೆಲಿನ ಮೇಲೇ ಒರೆಸಿಕೊಂಡು, ಮತ್ತೆ ಚಾಚಿದ.

“ಇನ್ನೊಂದೀಟು ಹಾಕ್ರಿ. ಕ್ಲೀನರಗ ಒಯ್ತೀನಿ.”

“ತೀರ್ಥ ಹಂಗ ಪಾರ್ಸಲ್ ಒಯ್ಯಲಿಕ್ಕ ಬರಂಗಿಲ್ಲಪ್ಪ,” ಅಂತ ಅಪ್ಪ ರೇಗಿದ. “ಅವನ್ನ ಕರಿ ಇಲ್ಲಿ.”

“ಅಂವ ಗಾಡ್ಯಾಗ ಕುಂತಾನ್ರಿ, ಬ್ರೇಕ್ ಒತ್ತಿ ಹಿಡದಾನ!”

ಸಾಲಿನಲ್ಲಿ ಯಾರೋ ನಕ್ಕರು. ಹೊರಗೆ ಹಾರ್ನು ಕೇಳುತ್ತಲೇ ಇತ್ತು. ಅಪ್ಪ ಗೊಣಗುತ್ತಲೇ ಅವನ ಅಂಗೈಯಲ್ಲಿ ಮತ್ತೊಂದು ಉದ್ಧರಣೆ ಸುರಿದ, ಒಂದು ದಳ ತುಳಸಿ ಇಟ್ಟ. ಅವನು ಚೆಲ್ಲದ ಹಾಗೆ ಕೈ ಮುಚ್ಚಿಕೊಂಡು ಓಡಿದ. ಅವನ ಹಿಂದಿದ್ದವನು ಮುಂದೆ ಬಂದು ಕೈ ಹಿಡಿದ.